ಎರಡಾಣೆಯ ಠೇವಣಿ

ಹಾಸಿಗೆ ಇದ್ದಷ್ಟು ಕಾಲು ಚಾಚು ಎಂಬ ಗಾದೆಯನ್ನು ಕೇಳದ ಕನ್ನಡಿಗರಿಲ್ಲ. ವರಮಾನವನ್ನು ಅರಿತು ವೆಚ್ಚ ಮಾಡಬೇಕೆಂಬ ಅದರ ಹಿತನುಡಿ ಸರಿಯಾದುದೇ. ಆದರೆ ಹಾಸಿಗೆಯ ಅಳತೆ ದಿನವೂ ಒಂದೇ ಆಗಿರುತ್ತದೆಂದು ಈ ಗಾದೆ ಭಾವಿಸಿಕೊಂಡಿದೆ. ತಿಂಗಳ ಸಂಬಳ ಪಡೆಯುವವನ ಮಟ್ಟಿಗೆ ಅದು ದಿಟ. ದಿನಗೂಲಿಯ ಗಾರೆಯಾಳು, ಬೀಡಿ ಕಟ್ಟುವ ಹೆಂಗಸು, ಮಗ್ಗದ ಮುಂದೆ ಕುಳಿತ ನೇಕಾರ, ಬೀದಿಯಲ್ಲಿ ಹೂವು ಮಾರುವವಳು, ಇವರ ಹಾಸಿಗೆ ಇಂದು ಆರಡಿ, ನಾಳೆ ಮೂರಡಿ. ಮಳೆ ಹಿಡಿದ ದಿನ ಹಾಸಿಗೆಯೇ ಇಲ್ಲ. ಕಾಲನ್ನು ಎಷ್ಟು ಚಾಚಬೇಕೆಂಬ ಲೆಕ್ಕವನ್ನು ಇವರು ಪ್ರತಿದಿನ ಹೊಸದಾಗಿ ಹಾಕಬೇಕು.

ದುಡಿಯುವ ಬಡಕುಟುಂಬ ಆರ್ಥಿಕವಾಗಿ ಮೇಲೇರುವುದು ಹೇಗೆ ಎಂಬ ಪ್ರಶ್ನೆಗೆ ಹಲವರು ಕೊಡುವ ಉತ್ತರ ಚಿಕ್ಕದು: ಹೆಚ್ಚು ದುಡಿಯಲಿ, ಕಡಿಮೆ ಖರ್ಚು ಮಾಡಲಿ. ಈ ಉತ್ತರವನ್ನು ಕೊಡುವವರು ಅಂಥ ಮನೆಯೊಂದರ ಜಮಾಖರ್ಚನ್ನು ಒಂದು ವಾರವಾದರೂ ಬರೆದು ನೋಡಿದವರಲ್ಲ. ಆ ಮನೆಗಳಲ್ಲಿ ಬೆಳಗಿನ ನಾಲ್ಕು ಗಂಟೆಗೆ ಏಳುವವರಿದ್ದಾರೆ. ಒಂದು ತೆಂಗಿನಕಾಯಿಯನ್ನು ಮೂರು ದಿನಕ್ಕೆ ಹಂಚುವ ಜಾಣತನವಿದೆ. ವರ್ಷದ ವರಮಾನವನ್ನು ಕೂಡಿಸಿ ನೋಡಿದರೆ ಎರಡು ಹೊತ್ತಿನ ಊಟಕ್ಕೆ ಸಾಲುವಷ್ಟು ಇದ್ದರೂ ಇರಬಹುದು. ಆದರೆ ಹಣ ಬೇಕಾದ ದಿನ ಅದು ಕೈಯಲ್ಲಿರುವುದಿಲ್ಲ. ಕೈಯಲ್ಲಿದ್ದ ದಿನ ಅದನ್ನು ಇಡಲು ಭದ್ರವಾದ ತಾಣವಿರುವುದಿಲ್ಲ. ಕುಟುಂಬವನ್ನು ಕೆಳಕ್ಕೆ ಎಳೆಯುವ ಬಡ್ಡಿ ಹುಟ್ಟಿಕೊಳ್ಳುವುದು ಈ ಎರಡರ ನಡುವಿನ ಬಿರುಕಿನಲ್ಲಿ.

ಉದಾಹರಣೆಗೆ, ತಳ್ಳುಗಾಡಿಯಲ್ಲಿ ತರಕಾರಿ ಮಾರುವ ಒಬ್ಬ ಹೆಂಗಸನ್ನು ಕಲ್ಪಿಸಿಕೊಳ್ಳಿರಿ. ನಸುಕಿನಲ್ಲಿ ಸಗಟು ಮಾರುಕಟ್ಟೆಗೆ ಹೋಗಿ ಸರಕು ಕೊಳ್ಳಲು ಆಕೆಗೆ ಬಂಡವಾಳ ಬೇಕು. ಅದನ್ನು ಕೊಡುವವನು ಮಾರುಕಟ್ಟೆಯ ಬಾಗಿಲಲ್ಲಿಯೇ ನಿಂತಿರುತ್ತಾನೆ. ಕೊಡುವಾಗ 900 ರೂಪಾಯಿ, ಸಂಜೆ ಹಿಂದಿರುಗಿಸುವಾಗ 1,000 ರೂಪಾಯಿ. ಪತ್ರವಿಲ್ಲ, ಸಾಕ್ಷಿಯಿಲ್ಲ, ಕೇಳಿದೊಡನೆ ಹಣ ಸಿಕ್ಕಿತು. ಆದ್ದರಿಂದ ಆಕೆಗೆ ಅವನು ಉಪಕಾರಿಯಾಗಿಯೇ ಕಾಣುತ್ತಾನೆ. ನಮ್ಮ ನಗರಗಳ ಬೀದಿ ವ್ಯಾಪಾರಿಗಳಲ್ಲಿ ಈ ಬಗೆಯ ದಿನದ ಸಾಲ ಹೊಸದೇನಲ್ಲ. ಈಗ ಲೆಕ್ಕ ಮಾಡೋಣ. ದಿನಕ್ಕೆ 100 ರೂಪಾಯಿಯಂತೆ ತಿಂಗಳಲ್ಲಿ 25 ದಿನ ವ್ಯಾಪಾರ ನಡೆದರೆ ಆಕೆ ಕೊಡುವ ಬಡ್ಡಿ 2,500 ರೂಪಾಯಿ. ಅಸಲು ಎಷ್ಟೆಂದರೆ ಬರಿಯ 900. ವರ್ಷ ಕಳೆಯುವ ಹೊತ್ತಿಗೆ ಆ 900 ರೂಪಾಯಿಗಾಗಿ ಆಕೆ 30,000 ರೂಪಾಯಿ ತೆತ್ತಿರುತ್ತಾಳೆ. ಆದರೂ ಮರುದಿನ ನಸುಕಿನಲ್ಲಿ ಅವಳ ಕೈ ಬರಿದೇ.

ಇದೇ ಲೆಕ್ಕವನ್ನು ಇನ್ನೊಂದು ದಿಕ್ಕಿನಿಂದ ಮಾಡಿ ನೋಡಿದರೆ ಆಶ್ಚರ್ಯವಾಗುತ್ತದೆ. ಆಕೆ ದಿನಕ್ಕೆ 20 ರೂಪಾಯಿಯನ್ನು ತೆಗೆದಿಡುತ್ತ ಹೋದರೆ 45 ದಿನಗಳಲ್ಲಿ 900 ರೂಪಾಯಿ ಅವಳದೇ ಆಗುತ್ತದೆ. ನಲವತ್ತಾರನೆಯ ದಿನದಿಂದ ಸಾಲ ಬೇಡ. ದಿನಕ್ಕೆ 100 ರೂಪಾಯಿ ಮನೆಯಲ್ಲಿ ಉಳಿಯುತ್ತದೆ. ಬೇರೆ ಕೆಲಸ ಹುಡುಕದೆ, ಒಂದು ಗಳಿಗೆಯೂ ಹೆಚ್ಚು ದುಡಿಯದೆ, ವರಮಾನ ಅಷ್ಟರಮಟ್ಟಿಗೆ ಏರಿತು. ಹಾಗಾದರೆ ಆಕೆ ಹಾಗೇಕೆ ಮಾಡುವುದಿಲ್ಲ? ಆ 20 ರೂಪಾಯಿಯನ್ನು ಎಲ್ಲಿ ಇಡುವುದು ಎಂಬುದೇ ಇದಕ್ಕೆ ಉತ್ತರ. ಸಾಸಿವೆ ಡಬ್ಬಿಯಲ್ಲಿಟ್ಟ ಹಣಕ್ಕೆ ಮನೆಮಂದಿಯ ಕಣ್ಣು ಬೀಳುತ್ತದೆ. ಕುಡಿಯುವ ಗಂಡನಿದ್ದರಂತೂ ಕೇಳುವುದೇ ಬೇಡ. ಮಗುವಿಗೆ ಜ್ವರ, ನೆಂಟರ ಮನೆಯ ಮದುವೆ, ಶಾಲೆಯ ಪುಸ್ತಕ, ಹೀಗೆ ನಲವತ್ತೈದು ದಿನಗಳಲ್ಲಿ ಹತ್ತು ಸಲ ಆ ಡಬ್ಬಿಯ ಮುಚ್ಚಳ ತೆರೆಯುತ್ತದೆ. ಬ್ಯಾಂಕಿಗೆ ಹೋಗೋಣವೆಂದರೆ ಅದು ತೆರೆದಿರುವ ಹೊತ್ತೆಲ್ಲ ಅವಳ ವ್ಯಾಪಾರದ ಹೊತ್ತು. 20 ರೂಪಾಯಿ ಕಟ್ಟಲು ಅರ್ಧ ದಿನದ ವ್ಯಾಪಾರವನ್ನು ಯಾರು ಬಿಟ್ಟಾರು?

ಬಡವರು ಬ್ಯಾಂಕಿಗೆ ಬರಲಾರದಿದ್ದರೆ ಬ್ಯಾಂಕು ಬಡವರ ಬಾಗಿಲಿಗೆ ಹೋಗಬಾರದೇಕೆ? ಈ ಮಾತನ್ನು ಮೊದಲಿಗೆ ಕಾರ್ಯಕ್ಕೆ ತಂದವರಲ್ಲಿ ನಮ್ಮ ಉಡುಪಿಯವರಿದ್ದಾರೆ.

ಆಗ ಉಡುಪಿಯು ಮದರಾಸು ಪ್ರಾಂತಕ್ಕೆ ಸೇರಿದ್ದ ದಕ್ಷಿಣ ಕನ್ನಡ ಜಿಲ್ಲೆಯ ಒಂದು ಸಣ್ಣ ಪಟ್ಟಣ. ಆ ಸೀಮೆಯ ಕೈಮಗ್ಗದ ನೇಕಾರರು 1920ರ ದಶಕದಲ್ಲಿ ದೊಡ್ಡ ಸಂಕಟಕ್ಕೆ ಸಿಲುಕಿದ್ದರು. ನೇಕಾರನ ಕಸುಬಿನ ತೊಡಕನ್ನು ಇಲ್ಲಿ ಸ್ವಲ್ಪ ತಿಳಿಯಬೇಕು. ಅವನಿಗೆ ಮಗ್ಗವಿರುತ್ತದೆ, ಕೈಚಳಕವಿರುತ್ತದೆ. ನೂಲು ಕೊಳ್ಳುವ ಹಣವಿರುವುದಿಲ್ಲ. ನೂಲನ್ನು ಕಡ ಕೊಟ್ಟ ವ್ಯಾಪಾರಿಗೇ ಬಟ್ಟೆಯನ್ನೂ ಮಾರಬೇಕಾಗುತ್ತದೆ. ನೂಲಿನ ಬೆಲೆಯನ್ನು ಗೊತ್ತುಮಾಡುವವನೂ ಅವನೇ, ಬಟ್ಟೆಯ ಬೆಲೆ ಕಟ್ಟುವವನೂ ಅವನೇ. ಗಿರಣಿಯ ಬಟ್ಟೆ ಅಗ್ಗವಾಗಿ ಪೇಟೆಗೆ ಬಂದಾಗ ಪೆಟ್ಟು ಬೀಳುವುದು ಮೊದಲು ಇಂಥ ನೇಕಾರನಿಗೆ. ಊರಿನ ಸಣ್ಣ ಉಳಿತಾಯಗಳನ್ನು ಒಂದುಗೂಡಿಸಿ ಇವರಿಗೆ ನೆರವಾಗಬೇಕೆಂದು ಮೂವರು ಮುಂದೆ ಬಂದರು. ಒಬ್ಬರು ವ್ಯಾಪಾರಸ್ಥರಾದ ಉಪೇಂದ್ರ ಅನಂತ ಪೈ, ಇನ್ನೊಬ್ಬರು ಇಂಜಿನಿಯರರಾದ ವಾಮನ ಕುಡ್ವ, ಮತ್ತೊಬ್ಬರು ವೈದ್ಯರಾದ ಡಾ. ಟಿ. ಎಂ. ಎ. ಪೈ. 1925ರಲ್ಲಿ 8,000 ರೂಪಾಯಿ ಬಂಡವಾಳದಿಂದ ಅವರು ಆರಂಭಿಸಿದ ಸಂಸ್ಥೆಯ ಹೆಸರು ಕೆನರಾ ಇಂಡಸ್ಟ್ರಿಯಲ್ ಅಂಡ್ ಬ್ಯಾಂಕಿಂಗ್ ಸಿಂಡಿಕೇಟ್. ಇದೇ ಮುಂದೆ ಸಿಂಡಿಕೇಟ್ ಬ್ಯಾಂಕ್ ಎಂದು ನಾಡಿಗೆಲ್ಲ ಪರಿಚಿತವಾಯಿತು, 1969ರಲ್ಲಿ ರಾಷ್ಟ್ರೀಕರಣವಾಯಿತು, 2020ರ ಏಪ್ರಿಲ್ 1ರಂದು ಕೆನರಾ ಬ್ಯಾಂಕಿನಲ್ಲಿ ವಿಲೀನವಾಯಿತು.

ಈ ಸಂಸ್ಥೆ 1928ರಲ್ಲಿ ಒಂದು ಹೊಸ ಯೋಜನೆಯನ್ನು ಜಾರಿಗೆ ತಂದಿತು. ದಿನಕ್ಕೆ ಎರಡಾಣೆಯಷ್ಟು ಸಣ್ಣ ಮೊತ್ತವನ್ನೂ ಠೇವಣಿಯಾಗಿ ಸ್ವೀಕರಿಸುವುದು, ಅದನ್ನು ಪಡೆಯಲು ಸಂಗ್ರಾಹಕನೊಬ್ಬ ಠೇವಣಿದಾರನ ಮನೆಯ ಅಥವಾ ಅಂಗಡಿಯ ಬಾಗಿಲಿಗೇ ಹೋಗುವುದು, ಇದೇ ಆ ಯೋಜನೆ. ಕಂತು ತೀರ ಚಿಕ್ಕದಾದುದರಿಂದ ಅದಕ್ಕೆ, ಕುಬ್ಜ ಎಂಬ ಅರ್ಥದ 'ಪಿಗ್ಮಿ' ಎಂಬ ಹೆಸರು ಒಪ್ಪಿತು. ಆಣೆಯ ಲೆಕ್ಕ ಇಂದಿನ ವಿದ್ಯಾರ್ಥಿಗಳಿಗೆ ಅಪರಿಚಿತ. 1957ರಲ್ಲಿ ನಯೇಪೈಸೆ ಬರುವವರೆಗೆ ಒಂದು ರೂಪಾಯಿಗೆ ಹದಿನಾರಾಣೆ. ಎರಡಾಣೆಯೆಂದರೆ ರೂಪಾಯಿಯ ಎಂಟನೆಯ ಒಂದು ಪಾಲು. ದಿನಕ್ಕೆ ಎರಡಾಣೆಯಂತೆ ಒಂದು ವರ್ಷ ತಪ್ಪದೆ ಕಟ್ಟಿದವನ ಹೆಸರಿನಲ್ಲಿ 45 ರೂಪಾಯಿ 10 ಆಣೆ ಸೇರುತ್ತಿತ್ತು. ಬಡ್ಡಿ ಬೇರೆ. ಒಂದೇ ಸಲಕ್ಕೆ ಅಷ್ಟು ಹಣವನ್ನು ಕಾಣದ ಮನೆಗೆ ಅದು ಬರಿಯ ಉಳಿತಾಯವಾಗಿರಲಿಲ್ಲ, ಸ್ವಂತ ಬಂಡವಾಳವಾಗಿತ್ತು.

ಪಿಗ್ಮಿಯ ಗುಟ್ಟು ಬಡ್ಡಿಯ ದರದಲ್ಲಿಲ್ಲ. ಬಡ್ಡಿಯನ್ನಷ್ಟೇ ನೋಡುವವನಿಗೆ ಬೇರೆ ಠೇವಣಿಗಳು ಇದಕ್ಕಿಂತ ಲಾಭಕರವಾಗಿ ಕಂಡಾವು. ಇದರ ಗುಟ್ಟಿರುವುದು ಹೊತ್ತಿನಲ್ಲಿ. ಹಣ ಹುಟ್ಟಿದ ದಿನವೇ, ಹುಟ್ಟಿದ ಜಾಗದಲ್ಲಿಯೇ ಅದರ ಒಂದು ತುಣುಕು ಕೈದಾಟಿ ಭದ್ರವಾಗುತ್ತದೆ. ಸಂಗ್ರಾಹಕ ಗೊತ್ತಾದ ಹೊತ್ತಿಗೆ ಬಂದು ನಿಲ್ಲುತ್ತಾನೆ. "ಇವತ್ತು ವ್ಯಾಪಾರ ಇಲ್ಲಪ್ಪಾ, ನಾಳೆ ಬಾ" ಎಂದು ಹೇಳಬಹುದು. ಅವನೇನೂ ಜಗಳಕ್ಕೆ ನಿಲ್ಲುವುದಿಲ್ಲ. ಆದರೆ ನಾಳೆ ಅವನು ಬಂದೇ ಬರುತ್ತಾನೆ. ದಿನವೂ ಬರುವ ಆ ಪರಿಚಿತ ಮುಖವೇ ಉಳಿತಾಯದ ನೆನಪೋಲೆ. ಮೇಲಾಗಿ, ಮನೆಯವರು ಹಣ ಕೇಳಿದಾಗ "ಪಿಗ್ಮಿಗೆ ಕಟ್ಟಿಬಿಟ್ಟೆ" ಎಂದು ಹೇಳಲು ಒಂದು ನೆಪವೂ ದೊರೆಯುತ್ತದೆ. ಈ ನೆಪದ ಬೆಲೆಯನ್ನು ಬಲ್ಲವರು ಹೆಂಗಸರು. ಇನ್ನೊಂದು ಲಾಭವೂ ಉಂಟು. ವರ್ಷಗಟ್ಟಲೆ ಹಣ ಕಟ್ಟಿದ ದಾಖಲೆಯೇ ಆ ವ್ಯಕ್ತಿಯ ನಂಬಿಕೆಗೆ ಸಾಕ್ಷಿಯಾಗುತ್ತದೆ. ಅಡವಿಡಲು ಒಡವೆಯಿಲ್ಲದವನು ತನ್ನ ಪಿಗ್ಮಿ ಠೇವಣಿಯ ಆಧಾರದ ಮೇಲೆಯೇ ನ್ಯಾಯವಾದ ಬಡ್ಡಿಗೆ ಸಾಲ ಪಡೆಯಬಹುದು.

ಇಲ್ಲಿ ಸಂಗ್ರಾಹಕನನ್ನು ಕುರಿತೂ ಒಂದು ಮಾತು ಹೇಳಬೇಕು. ಬಿಸಿಲು ಮಳೆಯೆನ್ನದೆ ಬೀದಿ ಬೀದಿ ಅಲೆದು ಪರರ ಹಣವನ್ನು ಬ್ಯಾಂಕಿಗೆ ಮುಟ್ಟಿಸುತ್ತಿದ್ದ ಅವನು ಬ್ಯಾಂಕಿನ ನೌಕರನಾಗಿರಲಿಲ್ಲ. ಸಂಗ್ರಹಿಸಿದ ಮೊತ್ತದ ಮೇಲೆ ಸಿಗುವ ಕಮಿಷನ್ನೇ ಅವನ ಜೀವನ. ಬಡವರ ಉಳಿತಾಯಕ್ಕೆ ಕಾವಲಾಗಿದ್ದವನೇ ಅನಿಶ್ಚಿತ ವರಮಾನದ ದುಡಿಮೆಗಾರನಾಗಿದ್ದುದು ವಿಪರ್ಯಾಸವಲ್ಲವೇ? ಇಂಥ ಸಂಗ್ರಾಹಕರು ತಮ್ಮ ಹಕ್ಕಿಗಾಗಿ ದೀರ್ಘಕಾಲ ಹೋರಾಡಿದರು. ಅವರೂ ಕಾನೂನಿನ ಪ್ರಕಾರ ಕಾರ್ಮಿಕರೇ ಎಂದು ಸರ್ವೋಚ್ಚ ನ್ಯಾಯಾಲಯ 2001ರಲ್ಲಿ ತೀರ್ಪು ನೀಡಿತು.

ಉಳಿತಾಯ ಒಂದರಿಂದಲೇ ಎಲ್ಲವೂ ಸಾಧ್ಯವೆಂದು ತಿಳಿಯಲಾಗದು. ಹೊಲಿಗೆ ಯಂತ್ರ, ಹಾಲು ಕರೆಯುವ ಹಸು, ಸ್ವಂತ ಮಗ್ಗ, ಇಂಥವನ್ನು ಕೊಳ್ಳಲು ದಿನದ ಕಂತು ಕೂಡುವವರೆಗೆ ಕಾದರೆ ಕಾಲ ಮೀರುತ್ತದೆ. ಅಷ್ಟರಲ್ಲಿ ಬೆಲೆಯೂ ಏರಿರುತ್ತದೆ. ಸಾಲ ಬೇಕೇ ಬೇಕು. ಆಸ್ತಿಯಿಲ್ಲದವನಿಗೆ ಸಾಲ ಕೊಡುವವರು ಯಾರು? ಈ ಪ್ರಶ್ನೆಗೆ ಕನ್ನಡನಾಡಿನ ಒಂದು ಹಳ್ಳಿ ಉಡುಪಿಗಿಂತಲೂ ಮೊದಲೇ ಉತ್ತರವನ್ನು ಹುಡುಕಿತ್ತು. ಗದಗಿಗೆ ಸಮೀಪದ ಕಣಗಿನಹಾಳದಲ್ಲಿ 1905ರಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರ ಮುಂದಾಳುತನದಲ್ಲಿ ಕೃಷಿ ಪತ್ತಿನ ಸಹಕಾರ ಸಂಘ ಸ್ಥಾಪನೆಯಾಯಿತು. ಸಹಕಾರ ಸಂಘಗಳ ಕಾನೂನು ಬಂದದ್ದು 1904ರಲ್ಲಿ. ಮರುವರ್ಷವೇ ಈ ಹಳ್ಳಿ ಅದನ್ನು ಬಳಸಿಕೊಂಡಿತು. ಒಬ್ಬನ ಮಾತಿಗೆ ಊರಿನ ಉಳಿದವರು ಹೊಣೆಯಾಗುವುದೇ ಅಲ್ಲಿಯ ಜಾಮೀನು.

ಆದರೆ ಸಹಕಾರ ಸಂಘಗಳಲ್ಲಿ ಬಹುಕಾಲ ಸದಸ್ಯರಾದವರು ಹೆಚ್ಚಾಗಿ ಜಮೀನುಳ್ಳ ಗಂಡಸರು. ಜಮೀನಿಲ್ಲದ, ಅಂಗಡಿಯಿಲ್ಲದ, ಹಲವು ಸಲ ಅಕ್ಷರವೂ ಬಾರದ ಹೆಂಗಸರು ಹೊರಗೇ ಉಳಿದರು. ಅವರಿಗೂ ಬಾಗಿಲು ತೆರೆಯಬಹುದೆಂಬುದನ್ನು ಗುಜರಾತಿನ ಅಹಮದಾಬಾದು ತೋರಿಸಿತು. ಅಲ್ಲಿ ಇಳಾ ಭಟ್ಟರು 1972ರಲ್ಲಿ ಸ್ವಯಂ ಉದ್ಯೋಗಿ ಹೆಂಗಸರ ಸಂಘವನ್ನು ಕಟ್ಟಿದರು. 'ಸೇವಾ' ಎಂಬುದು ಅದರ ಚಿಕ್ಕ ಹೆಸರು. ತಲೆಹೊರೆ ಹೊರುವವರು, ತರಕಾರಿ ಮಾರುವವರು, ಹಳೆಯ ಬಟ್ಟೆಯ ವ್ಯಾಪಾರ ಮಾಡುವವರು ಅದರ ಸದಸ್ಯೆಯರು. ಸಾಲಕ್ಕಾಗಿ ಅಲೆದು ಬೇಸತ್ತ ಅವರು ತಮ್ಮದೇ ಬ್ಯಾಂಕನ್ನು ತೆರೆಯಲು ನಿಶ್ಚಯಿಸಿದರು. 4,000 ಮಂದಿ ತಲಾ 10 ರೂಪಾಯಿ ಷೇರು ಹಣ ಹಾಕಿ 1974ರಲ್ಲಿ ಸಹಕಾರಿ ಬ್ಯಾಂಕನ್ನು ಸ್ಥಾಪಿಸಿದರು. ರುಜು ಹಾಕಲು ಬಾರದ ಸದಸ್ಯೆಯನ್ನು ಗುರುತಿಸುವ ಬಗೆ ಹೇಗೆ? ಪಾಸ್‌ಪುಸ್ತಕಕ್ಕೆ ಅವಳ ಭಾವಚಿತ್ರವನ್ನು ಅಂಟಿಸಿದರೆ ಆಯಿತು! ಇಷ್ಟು ಸರಳವಾದ ಉಪಾಯ ದೊಡ್ಡ ಬ್ಯಾಂಕುಗಳಿಗೆ ಹೊಳೆಯದಿದ್ದುದಕ್ಕೆ ಕಾರಣವಿದೆ. ಆ ಹೆಂಗಸರನ್ನು ಗ್ರಾಹಕರೆಂದು ಅವು ಎಣಿಸಿಯೇ ಇರಲಿಲ್ಲ.

ನಮ್ಮ ರಾಜ್ಯದಲ್ಲಿ 1980ರ ದಶಕದಲ್ಲಿ ಮೈರಾಡ ಎಂಬ ಸಂಸ್ಥೆಯ ನೆರವಿನಿಂದ ಹಳ್ಳಿಗಳ ಬಡವರು ಸಣ್ಣ ಸಣ್ಣ ಗುಂಪುಗಳಾಗಿ ಕೂಡಿ ಉಳಿಸತೊಡಗಿದರು. 1992ರಲ್ಲಿ ನಬಾರ್ಡ್ ಸಂಸ್ಥೆಯು ಇಂಥ 500 ಗುಂಪುಗಳನ್ನು ಬ್ಯಾಂಕುಗಳೊಡನೆ ಜೋಡಿಸುವ ಪ್ರಯೋಗಕ್ಕೆ ಕೈಹಾಕಿತು. ಇಂದು ಊರೂರಿನಲ್ಲಿರುವ ಸ್ವಸಹಾಯ ಸಂಘಗಳ ಹಿಂದಿನ ಕಥೆ ಇದು. ಹತ್ತರಿಂದ ಇಪ್ಪತ್ತು ಮಂದಿ ವಾರಕ್ಕೊಮ್ಮೆ ಸೇರುತ್ತಾರೆ, ಉಳಿಸುತ್ತಾರೆ, ತಮ್ಮೊಳಗೇ ಸಾಲ ಕೊಟ್ಟುಕೊಳ್ಳುತ್ತಾರೆ. ಯಾರಿಗೆ ಎಷ್ಟು ಕೊಡಬಹುದೆಂಬುದು ಅವರಿಗೆ ಯಾವ ಅಧಿಕಾರಿಗಿಂತಲೂ ಚೆನ್ನಾಗಿ ಗೊತ್ತು.

ಸಾಲ ಸುಲಭವಾಗಿ ಸಿಕ್ಕಿದರೆ ಸಾಕು, ಬಡತನ ನೀಗುತ್ತದೆಂದು ಕೆಲವರು ಸಂಭ್ರಮಪಟ್ಟ ಕಾಲವೂ ಇತ್ತು. ನನಗಂತೂ ಆ ಸಂಭ್ರಮದಲ್ಲಿ ಪಾಲಿಲ್ಲ. ಹಸು ಕೊಳ್ಳಲು ಪಡೆದ ಸಾಲವನ್ನು ಹಾಲು ತೀರಿಸುತ್ತದೆ. ಆಸ್ಪತ್ರೆಗೆ ಪಡೆದ ಸಾಲವನ್ನು ತೀರಿಸುವುದು ಇನ್ನೊಂದು ಸಾಲ. ಕಿರುಸಾಲ ಕಂಪನಿಗಳು ಒಂದೇ ಮನೆಗೆ ಮೂರು ನಾಲ್ಕು ಕಡೆಯಿಂದ ಸಾಲ ಕೊಟ್ಟು, ವಾರದ ಕಂತು ತಪ್ಪಿದಾಗ ಬಾಗಿಲಲ್ಲಿ ನಿಂತು ಅವಮಾನಿಸಿದ ದೂರುಗಳು ಕರ್ನಾಟಕದ ಹಲವು ಜಿಲ್ಲೆಗಳಿಂದ ಬಂದವು. ಪ್ರಾಣ ಕಳೆದುಕೊಂಡವರೂ ಇದ್ದರು. ಆದ್ದರಿಂದ 2025ರ ಫೆಬ್ರವರಿಯಲ್ಲಿ ರಾಜ್ಯ ಸರ್ಕಾರ ಬಲವಂತದ ವಸೂಲಿಯನ್ನು ತಡೆಯಲು ಸುಗ್ರೀವಾಜ್ಞೆ ಹೊರಡಿಸಬೇಕಾಯಿತು. ಬಾಗಿಲಿಗೆ ಬರುವ ಸಂಗ್ರಾಹಕ ಉಳಿತಾಯಕ್ಕಾಗಿ ಬರುತ್ತಾನೋ ಸಾಲದ ಕಂತಿಗಾಗಿ ಬರುತ್ತಾನೋ ಎಂಬುದರಿಂದ ಆ ಮನೆಯ ಗತಿಯೇ ಬದಲಾಗುತ್ತದೆ.

ಉಳಿಸಿದ ಹಣ ಬೇಕಾದಾಗ ಕೈಗೆ ಸಿಗಬೇಕೆಂಬುದೂ ಅಷ್ಟೇ ಮುಖ್ಯ. ಬೆಂಗಳೂರಿನ ಸಿದ್ಧ ಉಡುಪು ಕಾರ್ಖಾನೆಗಳಲ್ಲಿ ದುಡಿಯುವವರಲ್ಲಿ ಹೆಂಗಸರೇ ಹೆಚ್ಚು. ಅವರ ಸಂಬಳ ಬಾಡಿಗೆಗೂ ದಿನಸಿಗೂ ಸರಿಹೋಗುತ್ತದೆ. ಭವಿಷ್ಯನಿಧಿಗಾಗಿ ಸಂಬಳದಿಂದ ಹಿಡಿದುಕೊಳ್ಳುವ ಪಾಲು ಮತ್ತು ಅದರೊಡನೆ ಮಾಲೀಕರು ಸೇರಿಸುವ ಪಾಲು, ಹಲವರ ಮಟ್ಟಿಗೆ ಇದೊಂದೇ ದೊಡ್ಡ ಗಂಟು. ಕೆಲಸ ಬಿಟ್ಟಾಗ ಅದನ್ನು ಹಿಂತೆಗೆದು ಮಕ್ಕಳ ಓದಿಗೆ, ಮನೆಯ ಭೋಗ್ಯಕ್ಕೆ, ಹಳೆಯ ಸಾಲ ತೀರಿಸಲು ಅವರು ಬಳಸುತ್ತಾರೆ. ಮಾಲೀಕರ ಪಾಲನ್ನು 58 ವರ್ಷ ತುಂಬುವವರೆಗೆ ತೆಗೆಯಕೂಡದೆಂಬ ನಿಯಮವನ್ನು ಕೇಂದ್ರ ಸರ್ಕಾರ 2016ರಲ್ಲಿ ತಂದಿತು. ಮುಪ್ಪಿನ ಕಾಲಕ್ಕೆ ಹಣ ಉಳಿಯಲೆಂಬುದು ನಿಯಮದ ಉದ್ದೇಶವಾಗಿತ್ತು; ಉದ್ದೇಶ ಕೆಟ್ಟದೆನ್ನಲಾಗದು. ಆದರೆ ಆ ವಯಸ್ಸಿನವರೆಗೆ ಯಂತ್ರದ ಮುಂದೆ ಕುಳಿತು ದುಡಿಯುವವರು ಎಷ್ಟು ಮಂದಿ? ಆ ವರ್ಷದ ಏಪ್ರಿಲ್ 18 ಮತ್ತು 19ರಂದು ಸಾವಿರಾರು ಹೆಂಗಸರು ಕಾರ್ಖಾನೆಗಳಿಂದ ಹೊರಬಂದು ಬೆಂಗಳೂರಿನ ಹೆದ್ದಾರಿಗಳಲ್ಲಿ ಕುಳಿತರು. ಸಂಚಾರ ನಿಂತಿತು, ಲಾಠಿಯೂ ಬೀಸಿತು, ಅಲ್ಲಲ್ಲಿ ಬೆಂಕಿ ಹಚ್ಚಿದ ಅಹಿತಕರ ಘಟನೆಗಳೂ ನಡೆದವು. ಎರಡನೆಯ ದಿನವೇ ಸರ್ಕಾರ ನಿಯಮವನ್ನು ಹಿಂತೆಗೆದುಕೊಂಡಿತು. ಬಡವರ ಉಳಿತಾಯದ ಮೇಲೆ ಯೋಜನೆ ಮಾಡುವವರು ಬಡವರನ್ನು ಮೊದಲು ಕೇಳುವುದು ಲೇಸೆಂಬುದನ್ನು ಆ ಎರಡು ದಿನಗಳು ತೋರಿಸಿದವು.

ತಳ್ಳುಗಾಡಿಯ ಹೆಂಗಸಿಗೂ ಈಚೆಗೆ ಒಂದು ದಾರಿ ತೆರೆದಿದೆ. ಬೀದಿ ವ್ಯಾಪಾರ ಅಪರಾಧವಲ್ಲ, ಜೀವನೋಪಾಯವೆಂದು 2014ರ ಕಾನೂನು ಒಪ್ಪಿಕೊಂಡಿತು. 2020ರಲ್ಲಿ ಕೇಂದ್ರ ಸರ್ಕಾರ ಬೀದಿ ವ್ಯಾಪಾರಿಗಳಿಗೆ ಅಡಮಾನವಿಲ್ಲದೆ 10,000 ರೂಪಾಯಿ ಸಾಲ ಕೊಡಿಸುವ ಯೋಜನೆಯನ್ನು ಆರಂಭಿಸಿತು. ಅದನ್ನು ಸಕಾಲದಲ್ಲಿ ತೀರಿಸಿದವರಿಗೆ ಮುಂದಿನ ಮೆಟ್ಟಿಲಲ್ಲಿ ಇನ್ನೂ ಹೆಚ್ಚಿನ ಮೊತ್ತ. ಅದನ್ನು ಪಡೆಯಲು ಆಕೆ ಬೀದಿ ವ್ಯಾಪಾರಿಯೆಂಬುದಕ್ಕೆ ಊರಿನ ನಗರಸಭೆಯ ಗುರುತುಚೀಟಿ ಇಲ್ಲವೇ ಶಿಫಾರಸು ಪತ್ರ ಬೇಕು. ಅರ್ಜಿಯನ್ನು ತುಂಬಲು ಬಾರದವರು ದಲ್ಲಾಳಿಯ ಕೈಗೆ ಬೀಳುವುದು ಇಲ್ಲಿಯೇ.

ಪಿಗ್ಮಿ ಇಂದಿಗೂ ನಿಂತಿಲ್ಲ. ಕರ್ನಾಟಕದ ಪೇಟೆಗಳಲ್ಲಿ ಅನೇಕ ಸಹಕಾರಿ ಬ್ಯಾಂಕುಗಳೂ ಪತ್ತಿನ ಸಂಘಗಳೂ ಅದನ್ನು ನಡೆಸುತ್ತಿವೆ. ಇವೆರಡಕ್ಕೂ ವ್ಯತ್ಯಾಸವುಂಟು: ಬ್ಯಾಂಕು ಮುಳುಗಿದರೆ 5 ಲಕ್ಷ ರೂಪಾಯಿಯವರೆಗಿನ ಠೇವಣಿಗೆ ವಿಮೆಯ ರಕ್ಷಣೆಯಿದೆ, ಪತ್ತಿನ ಸಂಘದ ಠೇವಣಿಗೆ ಆ ರಕ್ಷಣೆಯಿಲ್ಲ. ಹಣ ಕಟ್ಟುವ ಮೊದಲೇ ಇದನ್ನು ವಿಚಾರಿಸಿಕೊಳ್ಳಬೇಕು. ಸಂಜೆ ಅಂಗಡಿಯವರು ಗಲ್ಲಾ ಎಣಿಸುವ ಹೊತ್ತಿಗೆ ಸಂಗ್ರಾಹಕ ಈಗಲೂ ಬರುತ್ತಾನೆ. ಹಿಂದೆ ಅವನು ಕಾರ್ಡಿನ ಮೇಲೆ ಮೊತ್ತವನ್ನು ಬರೆದು ರುಜು ಹಾಕುತ್ತಿದ್ದ. ಈಗ ಅವನ ಅಂಗೈಯಲ್ಲಿರುವ ಪುಟ್ಟ ಯಂತ್ರ ಒಂದು ಚೀಟಿಯನ್ನು ಮುದ್ರಿಸಿ ಕೊಡುತ್ತದೆ. ಆ ಚೀಟಿಯಲ್ಲಿರುವ ಅಂಕಿ ಕೊಟ್ಟ ಹಣಕ್ಕೆ ಸರಿಯಾಗಿದೆಯೇ ಎಂದು ಓದಿ ನೋಡುವ ಕೆಲಸ ಎಷ್ಟೋ ಮನೆಗಳಲ್ಲಿ ಶಾಲೆಗೆ ಹೋಗುವ ಮಕ್ಕಳದು.